ಸೆಕೊಂದೀನಾಳ ಹಲ್ಲುನೋವು

ಆ ವರ್ಷ ಕೊಯ್ಲು ಶುರುವಾದ ಮೂರನೇ ದಿನ ಸೆಕೊಂದೀನಾಳ ಎಡದವಡೆಯ ಹಲ್ಲು ಕೀವುಗಟ್ಟಿತು. ಆಗ ಅವಳಿಗೆ ಹದಿನೇಳು. ಹಲ್ಲಿನ ಡಾಕ್ಟರು ಮೊಂಕಾಲ್ವೊ ಪೇಟೆಗೆ ಬರುತ್ತಿದ್ದದ್ದು ಶನಿವಾರ ಮಾತ್ರ, ಅವತ್ತಿನ್ನೂ ಬುಧವಾರ. ಬಾಯಲ್ಲಿ ಲವಂಗ ಕಚ್ಚಿಕೊಂಡು, ಅಮ್ಮನ ಕರೀ ವಸ್ತ್ರವನ್ನು ಗದ್ದದಿಂದ ನೆತ್ತಿಗೆ ಬಿಗಿದು ಕಟ್ಟಿಕೊಂಡು, ಎಂದಿನಂತೆ ರೊವೆಲ್ಲೊ ದ್ರಾಕ್ಷಿತೋಟದ ಕೆಲಸಕ್ಕೆ ಹೋದಳು.

ರೊವೆಲ್ಲೊ ಗುಡ್ಡದ ಮೇಲಿನ ನಾನೂರು ವರ್ಷದ ತೋಟ. ಅದರ ಯಜಮಾನರು ವಕೀಲರು, ಶರತ್ಕಾಲ ಬಂತೆಂದರೆ ಯಾರಾದರೊಬ್ಬ ಕವಿಯನ್ನು ಕರೆಸಿ ಹದಿನೈದು ದಿನ ಉಣ್ಣಿಸಿ ಉಪಚರಿಸುವ ಗೀಳು ಅವರಿಗೆ. ಆ ಸಲ ತೊರೀನೊ ನಗರದಿಂದ ಒಬ್ಬರು ಬಂದಿದ್ದರು. ಉದ್ದ ಕೋಟು, ಕೆಸರು ತಾಕದ ಬೂಟು. ಬೆಳಗಿನ ಮಂಜಿನಲ್ಲಿ ಸಾಲುಗಳ ನಡುವೆ ಅಡ್ಡಾಡುತ್ತ ಸೆಕೊಂದೀನಾಳ ಮುಂದೆ ನಿಂತರು. ಗೊಂಚಲೊಂದನ್ನು ಕೈ ತೋರಿಸಿ ಕೇಳಿದರು. ಕೊಟ್ಟಳು. "ನಿನ್ನ ಹೆಸರೇನಮ್ಮಾ?" ಅಂದರು. ಬಾಯಿ ತೆರೆಯಲು ಹೋದಳು, ಕಿವಿಯವರೆಗೆ ಚಳುಕು ಹೊಡೆಯಿತು, ಕಣ್ಣಲ್ಲಿ ನೀರು ಬಂತು. ತಲೆ ಅಲ್ಲಾಡಿಸಿ ಮುಖ ತಗ್ಗಿಸಿಬಿಟ್ಟಳು. ಆಗಿದ್ದಿಷ್ಟೇ. ಶನಿವಾರ ಹಲ್ಲು ಕೀಳಿಸಿಕೊಂಡಳು. ಅಷ್ಟರಲ್ಲಿ ಕವಿ ಊರಿಗೆ ಹೊರಟುಹೋಗಿದ್ದರು.

ಮೇಸ್ತ್ರಿಯನ್ನು ಕೇಳಿ ಅವಳ ಹೆಸರು ತಿಳಿದುಕೊಂಡು ಹೋಗಿದ್ದಾರೆ ಅನ್ನುವುದು ಒಂದು ವರ್ಷದ ಮೇಲೆ ಗೊತ್ತಾಯಿತು. ಅವರು ಬರೆದ ಕವಿತೆಯೊಂದು ಅಚ್ಚಾಗಿ ಬಂದಿತ್ತು, ಅದರ ಹೆಸರೇ 'ಸೆಕೊಂದೀನಾ'. ಅದರಲ್ಲಿ ಅವಳು ಹೆಸರು ಹೇಳಲೊಲ್ಲದ ಹುಡುಗಿ, ಕರೀ ವಸ್ತ್ರದೊಳಗೆ ಮುಖ ಬಚ್ಚಿಟ್ಟುಕೊಂಡವಳು, ನಾಳೆ ಹೋಗಿಬಿಡುವವನಿಗೆ ಇವತ್ತೇ ಕಣ್ಣೀರಿಟ್ಟವಳು. ಕವಿತೆ ಹೆಸರು ಮಾಡಿತು, ಶಾಲೆಯ ಪುಸ್ತಕಕ್ಕೂ ಬಂತು. ಆ ಗುಡ್ಡದ ಮೇಲೆ ಆ ಹೆಸರಿನ ಹದಿನೇಳರ ಹುಡುಗಿ ಇವಳೊಬ್ಬಳೇ ಇದ್ದದ್ದು.

ಆಗಲೇ ಅವಳಿಗೆ ಎವಾಜಿಯೊ ಜೊತೆ ಮದುವೆ ಮಾತಾಗಿತ್ತು. ರೈತರ ಸಹಕಾರಿ ವೈನ್ ಕಾರ್ಖಾನೆಯಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮಾತು ಕಡಿಮೆಯ ಹುಡುಗ. ಪಡಖಾನೆಯಲ್ಲಿ ಇಸ್ಪೀಟು ಹಾಕಿಕೊಂಡು ಕೂತವರು ಅವನನ್ನು ಬಿಡಲಿಲ್ಲ.

"ಏನಯ್ಯಾ ಎವಾಜಿಯೊ, ಕವಿಗಳ ಹತ್ರ ಬಾಯಿ ಬಿಡದವಳು ನಿನ್ನ ಹತ್ರನಾದ್ರೂ ಬಿಡ್ತಾಳೋ?"

"ಇವನಿಗ್ಯಾಕೆ ಅಳ್ತಾಳೆ ಬಿಡು. ಇವನು ಎಲ್ಲಿಗೂ ಹೋಗೋನಲ್ಲ!"

ಅವನೂ ನಕ್ಕ. ಮದುವೆಯೂ ಆದ. ಆದರೆ ಪ್ರತಿ ವರ್ಷ ಕೊಯ್ಲಿನ ಹೊತ್ತಿಗೆ, ಊಟಕ್ಕೆ ಕೂತಾಗಲೋ ಬೂಟು ಕಳಚುವಾಗಲೋ, ಒಂದು ಸಲ ಕೇಳೇ ಕೇಳುತ್ತಿದ್ದ.

"ಹಲ್ಲುನೋವೇ ತಾನೆ?"

"ಹಲ್ಲುನೋವೇ ಕಣೋ."

"ಅತ್ತಿದ್ದು?"

"ಅದೂ ಹಲ್ಲುನೋವಿಗೇ."

"ಸರಿ," ಅನ್ನುತ್ತಿದ್ದ. ಆಮೇಲೆ ಎರಡು ದಿನ ಮಾತಿಲ್ಲ. ಬೈದದ್ದಿಲ್ಲ, ಕೈ ಎತ್ತಿದ್ದಿಲ್ಲ. ಬೈದಿದ್ದರೆ ತಿರುಗಿ ಬೈದಾದರೂ ಹಗುರಾಗುತ್ತಿದ್ದೆನಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಒಂದು ಸಲ ಬಾಯಿ ತೆರೆದು, ಹಲ್ಲಿಲ್ಲದ ಜಾಗವನ್ನು ಬೆರಳಿಟ್ಟು ತೋರಿಸಿದಳು. ಅವನು ನೋಡಿದ. "ಹಲ್ಲು ಎಲ್ಲರಿಗೂ ಬೀಳತ್ತೆ," ಅಂದ.

ಮಗಳು ಪಿಯೆರಾ ಎಂಟು ವರ್ಷದವಳಿದ್ದಾಗ ಶಾಲೆಯಿಂದ ಓಡಿಬಂದು, ಊಟದ ಮೇಜಿನ ಮುಂದೆ ನಿಂತು ಇಡೀ ಕವಿತೆಯನ್ನು ಬಾಯಿಪಾಠ ಒಪ್ಪಿಸಿದಳು. ಎವಾಜಿಯೊ ಅರ್ಧ ತಿಂದ ಮೆಕ್ಕೆಜೋಳದ ಪೊಲೆಂತಾ ಬಿಟ್ಟು ಎದ್ದು ಕೊಟ್ಟಿಗೆಗೆ ಹೋದ. "ಅಪ್ಪನಿಗೆ ಖುಷಿಯಿಂದ ಕಣ್ಣಲ್ಲಿ ನೀರು ಬಂತಾಮ್ಮಾ?" ಎಂದು ಮಗು ಕೇಳಿತು. ಸೆಕೊಂದೀನಾ ಹೂಂ ಅಂದಳು. ಆ ಒಂದು ಹೂಂ ಅನ್ನು ಮುಂದೆ ಎಂದೂ ವಾಪಸು ತೆಗೆದುಕೊಳ್ಳಲಾಗಲಿಲ್ಲ.

ವಕೀಲರು ತೀರಿಕೊಂಡರು, ಕವಿಯೂ ತೀರಿಕೊಂಡರು. ತೋಟ ಮಿಲಾನೊದವರ ಕೈಗೆ ಹೋಯಿತು. ಅಕ್ಟೋಬರಿನಲ್ಲಿ ಬಸ್ಸುಗಟ್ಟಲೆ ಜನ ಬಂದು, ಬಾರ್ಬೆರಾ ದ್ರಾಕ್ಷಿಬಳ್ಳಿಗಳ ಎಲೆ ಕೆಂಪಾಗುವ ಹೊತ್ತಿನಲ್ಲಿ ಅದೇ ಸಾಲಿನ ಮುಂದೆ ನಿಂತು ಕವಿತೆ ಓದಿಸಿಕೊಂಡು, ವೈನು ರುಚಿ ನೋಡಿ ಹೋಗುತ್ತಿದ್ದರು. ಅದನ್ನೆಲ್ಲ ನೋಡಿಕೊಳ್ಳುವ ಜಿನೆವ್ರಾ ಎಂಬ ಹುಡುಗಿ ಪ್ರತಿ ವರ್ಷ ಮನೆಗೆ ಬಂದು ಬೇಡುತ್ತಿದ್ದಳು. "ಸುಮ್ನೆ ಬಂದು ಕೂತ್ರೆ ಸಾಕು ಅಜ್ಜಿ. ಜನ ನಿಮ್ಮನ್ನ ನೋಡ್ಬೇಕಂತಾರೆ." ಸೆಕೊಂದೀನಾ ಒಮ್ಮೆಯೂ ಒಪ್ಪಿರಲಿಲ್ಲ.

ಅವಳಿಗೆ ಎಪ್ಪತ್ನಾಲ್ಕಾದ ವರ್ಷ ಎವಾಜಿಯೊ ಹಾಸಿಗೆ ಹಿಡಿದ. ಹೃದಯ ಸೋತಿತ್ತು, ಕಾಲು ಬಾತುಕೊಂಡಿದ್ದವು. ಜಿನೆವ್ರಾ ಬಂದು ಹೋದದ್ದನ್ನು ಒಳಗಿಂದಲೇ ಕೇಳಿಸಿಕೊಂಡಿದ್ದ.

"ಈ ಸಲ ಹೋಗು," ಅಂದ.

"ನಾನ್ಯಾಕೆ ಹೋಗ್ಲಿ?"

"ಎಲ್ಲರೆದುರು ಹೇಳಿಬಿಡು. ಮನೇಲಿ ನನಗೊಬ್ಬನಿಗೆ ಹೇಳೋದು ಬೇರೆ. ಅಷ್ಟು ಜನದ ಮುಂದೆ ಯಾರೂ ಸುಳ್ಳು ಹೇಳಲ್ಲ."

ಐವತ್ತಾರು ವರ್ಷದ ಸಂಸಾರದಲ್ಲಿ ಅವನು ಬಾಯಿಬಿಟ್ಟು ಬೇಡಿದ್ದು ಅದೊಂದೇ. ಸೆಕೊಂದೀನಾ ಇಗರ್ಜಿಗೆ ಹೋಗುವ ಕೋಟು ತೊಟ್ಟು ಹೊರಟಳು.

ನಲವತ್ತು ಜನ ಇದ್ದರು. ಸಾಲಿನ ತುದಿಯಲ್ಲಿ ಅವಳಿಗೆಂದು ಬೆತ್ತದ ಕುರ್ಚಿ. ಬಿಳಿಗಡ್ಡದ ಪ್ರೊಫೆಸರರೊಬ್ಬರು ಕವಿತೆ ಓದಿ ಮುಗಿಸಿದ್ದೇ ಅವಳು ಎದ್ದು ನಿಂತಳು.

"ಇದ್ಯಾವುದೂ ನಿಜ ಅಲ್ಲ. ನನಗೆ ಹಲ್ಲುನೋವಿತ್ತು. ಎಡಗಡೆ, ಕೆಳಗಿನ ಹಲ್ಲು. ಕೀವಾಗಿತ್ತು. ಬಾಯಿ ತೆಗೆಯೋಕಾಗ್ತಿರ್ಲಿಲ್ಲ, ಅದಕ್ಕೇ ಹೆಸರು ಹೇಳ್ಲಿಲ್ಲ. ನೋವಿಗೇ ಅತ್ತೆ. ಆ ಕವಿಗಳು ಬಂದಿದ್ದೂ ನೆಟ್ಟಗೆ ನೋಡ್ಲಿಲ್ಲ, ಹೋಗಿದ್ದೂ ಗೊತ್ತಾಗ್ಲಿಲ್ಲ."

ಎಲ್ಲರೂ ನಕ್ಕರು, ತುಂಬ ಪ್ರೀತಿಯಿಂದಲೇ. ನಗು ಚಪ್ಪಾಳೆಯಾಯಿತು. "ನೋಡಿ, ಇವತ್ತಿಗೂ ನಾಚಿಕೆ!" ಅಂದಳೊಬ್ಬಳು. ಪ್ರೊಫೆಸರರು ಕೈ ಎತ್ತಿ ಸುಮ್ಮನಾಗಿಸಿ, ನೋವು ಯಾವುದಾದರೇನು, ಆ ಮೌನದೊಳಗಿನ ನೋವನ್ನು ಕವಿ ಕಂಡರಲ್ಲ, ಅದೇ ದೊಡ್ಡದು ಎಂದು ವಿವರಿಸಿದರು.

"ಅಲ್ಲ ಸ್ವಾಮೀ, ಹಲ್ಲು," ಅಂದಳು ಸೆಕೊಂದೀನಾ.

"ಹೌದಮ್ಮ, ಹೌದು," ಎಂದು ಅವಳ ಕೈಯನ್ನು ತಮ್ಮೆರಡು ಕೈಯಲ್ಲಿ ಹಿಡಿದುಕೊಂಡರು. ಯಾರೋ ಅವಳ ಕೆನ್ನೆಗೆ ಮುತ್ತು ಕೊಟ್ಟರು. ಫೋಟೋ ತೆಗೆದರು. ಜಿನೆವ್ರಾ ಕುಣಿಯುತ್ತಿದ್ದಳು. "ಎಷ್ಟು ಚೆನ್ನಾಗಿ ಹೇಳಿದ್ರಿ ಅಜ್ಜಿ! ಮುಂದಿನ ವರ್ಷವೂ ಇದನ್ನೇ ಹೇಳಿ!"

ಎವಾಜಿಯೊ ದಿಂಬಿಗೊರಗಿ ಕಾಯುತ್ತಿದ್ದ. ಮುಖ ತೊಳೆದು, ತಲೆ ಬಾಚಿಕೊಂಡಿದ್ದ.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

ಇನ್ನೇನಾದರೂ ಹೇಳಬಹುದಿತ್ತು. ಆದರೆ ಅವನಿಗೆ ಸುಳ್ಳು ಹೇಳದೆ ಬದುಕಿದ್ದನ್ನು ತೋರಿಸಲೆಂದೇ ಹೋಗಿ ಬಂದವಳು ಅವಳು. "ಚಪ್ಪಾಳೆ ತಟ್ಟಿದ್ರು," ಅಂದಳು.

"ಚಪ್ಪಾಳೆ ತಟ್ಟೋದು ನಾಟಕಕ್ಕೆ," ಎಂದು ಅವನು ಗೋಡೆ ಕಡೆ ಹೊರಳಿದ. ಆ ಮಾತು ಮತ್ತೆ ಎತ್ತಲಿಲ್ಲ. ಅವಳು ತಿನ್ನಿಸಿದರೆ ತಿಂದ, ಮೈ ಒರೆಸಿದರೆ ಒರೆಸಿಕೊಂಡ. ನವೆಂಬರಿನಲ್ಲಿ, ಸಂತ ಮಾರ್ತೀನರ ಹಬ್ಬದ ಮರುವಾರ, ಬೆಳಗಿನ ಕಾಫಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಸ್ಥಳೀಯ ಪತ್ರಿಕೆ ಅವನ ಸಾವಿನ ಸುದ್ದಿ ಹಾಕಿತು: ಕವಿತೆಯ ಸೆಕೊಂದೀನಾಳ ಗಂಡ ಇನ್ನಿಲ್ಲ. ರೊವೆಲ್ಲೊದಿಂದ ದೊಡ್ಡ ಹೂಮಾಲೆ ಬಂತು. ಹೂವಿನ ಜೊತೆಗೆ ಬಂದ ಜಿನೆವ್ರಾ, ಇಗರ್ಜಿಯಲ್ಲಿ ಕವಿತೆ ಓದಿದರೆ ಹೇಗೆ ಎಂದು ಪಿಯೆರಾಳನ್ನು ಕೇಳಿದಳು. ಬೇರೆ ಊರಿಂದ ಹೊಸದಾಗಿ ಬಂದಿದ್ದ ಪಾದ್ರಿಗೂ ಅದು ಗೌರವವಾಗಿಯೇ ಕಂಡಿತು.

"ಬೇಡ ಕಣೇ," ಅಂದಳು ಸೆಕೊಂದೀನಾ.

"ಯಾಕಮ್ಮಾ? ಅಪ್ಪನಿಗೆ ಆ ಕವಿತೆ ಅಂದ್ರೆ ಎಷ್ಟು ಹೆಮ್ಮೆ! ನಾನು ಚಿಕ್ಕವಳಿದ್ದಾಗ ಕೇಳಿ ಅತ್ತಿರ್ಲಿಲ್ವಾ? ನಾನೇ ಓದ್ತೀನಿ."

ಅತ್ತೂ ಅತ್ತೂ ಮಗಳ ಮುಖ ಊದಿಕೊಂಡಿತ್ತು. ಆ ಮುಖ ನೋಡಿಕೊಂಡು ನಿಮ್ಮಪ್ಪ ನನ್ನನ್ನು ಕೊನೆಯವರೆಗೂ ನಂಬಲಿಲ್ಲ ಎಂದು ಹೇಳುವುದು ಹೇಗೆ? ಸೆಕೊಂದೀನಾ ಸುಮ್ಮನಾದಳು.

ಮುಂದಿನ ಬೆಂಚಿನಲ್ಲಿ, ಶವಪೆಟ್ಟಿಗೆಯಿಂದ ಮೂರು ಮಾರು ದೂರದಲ್ಲಿ ಕೂತು ಪೂರ್ತಿ ಕೇಳಿದಳು. ಪಿಯೆರಾ ಚೆನ್ನಾಗಿ ಓದಿದಳು. ಹಿಂದೆ ಜನ ಮೂಗು ಸೀಟುವ ಸದ್ದು. ಸೆಕೊಂದೀನಾಳ ಕಣ್ಣು ಮಾತ್ರ ಒಣಗಿತ್ತು. ಎದ್ದು ನಿಲ್ಲಬೇಕೆಂದು ಬೆಂಚಿನ ತುದಿ ಹಿಡಿದಳು, ಆದರೆ ಎದ್ದು ಏನು ಹೇಳುವುದು? ಹೇಳುವುದನ್ನೆಲ್ಲ ಹೇಳಿಯಾಗಿತ್ತು.

ಇಗರ್ಜಿಯ ಮೆಟ್ಟಿಲ ಮೇಲೆ ಜನ ಸಾಲಾಗಿ ಬಂದು ಕೈ ಹಿಡಿದರು. ಕವಿತೆ ಎಷ್ಟು ಹೊಂದಿತು ಅಂದರು. ಅವಳು ತಲೆಯಾಡಿಸುತ್ತ ಹೋದಳು. ಕೊನೆಗೆ ಬಂದವನು ಸಹಕಾರಿ ಕಾರ್ಖಾನೆಯಲ್ಲಿ ತೂಕ ಹಾಕುತ್ತಿದ್ದ ಮುದುಕ ತಿಬುರ್ಸಿಯೊ. ಟೋಪಿಯನ್ನು ಕೈಯಲ್ಲಿ ಹಿಂಡಿಕೊಂಡು ಅವನು ಅಂದ: "ತುಂಬಿದ ಗಾಡಿ ಕಟ್ಕೊಂಡು ಟ್ರ್ಯಾಕ್ಟರನ್ನ ಹಿಂದಕ್ಕೆ ಹೊಡೆಯೋದ್ರಲ್ಲಿ ಅವನಂಥೋನು ಈ ಗುಡ್ಡದ ಮೇಲೆ ಇನ್ನೊಬ್ಬ ಇರ್ಲಿಲ್ಲ ಕಣಮ್ಮಾ. ಒಂದು ದಿನಾನೂ ಕಂಬಕ್ಕೆ ತಾಗಿಸಿದ್ದಿಲ್ಲ."

ಸೆಕೊಂದೀನಾ ಅವನ ತೋಳು ಹಿಡಿದುಕೊಂಡಳು. ಅಲ್ಲಿಯವರೆಗೂ ಬಾರದಿದ್ದ ಅಳು ಈಗ ಬಂತು. ಸುತ್ತ ನಿಂತವರು ಕವಿತೆಯನ್ನು ನೆನೆದು ಅಳುತ್ತಿದ್ದಾಳೆಂದುಕೊಂಡು ಅವಳ ಬೆನ್ನು ಸವರಿದರು.