ಗಿರಿಜತ್ತೆಗೆ ಹಾರ ಹಾಕಲು ಹೋದ ದಿನ

ಕೊರೋನಾದ ಗಲಾಟೆ ತಣ್ಣಗಾಗಿ ಶೂಟಿಂಗ್‌ಗಳು ಮತ್ತೆ ಊರೂರಿಗೆ ಹೊರಟಿದ್ದ ಕಾಲ. ಕನ್ನಡದ ಒಂದು ಹಾಸ್ಯ ಧಾರಾವಾಹಿಯಲ್ಲಿ ನಾನು ಗಿರಿಜತ್ತೆಯಾಗಿ ಆರು ವರ್ಷ ಮುಗಿಸಿದ್ದೆ. ಧಾರಾವಾಹಿಯ ಹೆಸರು, ಚಾನೆಲ್ಲಿನ ಹೆಸರು ಇಲ್ಲಿ ಬೇಡ. ಆ ತಂಡದವರಲ್ಲಿ ಹಲವರು ಇಂದಿಗೂ ನಮ್ಮ ಮನೆಗೆ ಊಟಕ್ಕೆ ಬರುವವರು. ಗಿರಿಜತ್ತೆ ಎಂದರೆ ಸೊಸೆಯ ಅಡುಗೆಗೆ ಹೆಸರಿಟ್ಟು, ಅದನ್ನೇ ಮತ್ತೆ ಮತ್ತೆ ಬಡಿಸಿಕೊಂಡು ಉಣ್ಣುವ ಹೆಂಗಸು. ನಮ್ಮ ಬೀದಿಯ ತರಕಾರಿ ಅಂಗಡಿಯವನಿಗೆ ನನ್ನ ಸ್ವಂತ ಹೆಸರು ಗೊತ್ತೇ ಇರಲಿಲ್ಲ. "ಬನ್ನಿ ಅತ್ತೆ, ಬೀನ್ಸ್ ಎಳೇದಿದೆ" ಎನ್ನುತ್ತಿದ್ದ. ನನಗದು ತುಂಬ ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ!

ಹಾಸ್ಯ ಧಾರಾವಾಹಿಯ ನಟಿಯರ ಬಾಳು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಇಪ್ಪತ್ತರಲ್ಲಿ ಪಕ್ಕದ ಮನೆಯ ಹುಡುಗಿ. ಮೂವತ್ತು ದಾಟಿತೋ, ಅತ್ತಿಗೆ. ನಲವತ್ತಕ್ಕೆ ಕೂದಲಿಗೆ ಬಿಳಿ ಬಳಿದು, ನಮಗಿಂತ ವಯಸ್ಸಿನಲ್ಲಿ ದೊಡ್ಡವನಾದ ನಟನಿಗೆ ತಾಯಿ ಮಾಡಿ ಕೂರಿಸುತ್ತಾರೆ. ಆ ನಂತರ ಉಳಿಯುವುದು ಗೋಡೆಯ ಮೇಲಿನ ಫೋಟೋ. ನಾಯಕಿಯಾಗಿದ್ದವಳಿಗೆ ಯಾವಾಗಲಾದರೂ ಒಂದು ಸನ್ಮಾನ ಸಿಗುತ್ತದೆ. ನಗಿಸುವವಳಿಗೆ ನಗು ನಿಂತ ದಿನವೇ ಬಾಗಿಲು ತೋರಿಸುತ್ತಾರೆ. ನಾನು ರಂಗಭೂಮಿಯಿಂದ ಬಂದವಳು. ಪಕ್ಕದ ಮನೆಯಿಂದ ಹೊರಟು ಅತ್ತೆಯ ಕುರ್ಚಿಯವರೆಗೆ ಒಂದನ್ನೂ ಬಿಡದೆ ಎಲ್ಲವನ್ನೂ ಮಾಡಿದ್ದೆ, ಚೆನ್ನಾಗಿಯೇ ಮಾಡಿದ್ದೆ. ಆ ಕುರ್ಚಿ ಹೋದರೆ ಐವತ್ತೆಂಟರ ನನಗೆ ಇನ್ನೊಂದನ್ನು ಯಾರೂ ಹಾಕುವುದಿಲ್ಲ ಎಂಬುದೂ ಗೊತ್ತಿತ್ತು.

ನಮ್ಮಲ್ಲಿ ಒಂದು ಪಾತ್ರದ ಕತೆಗೆ 'ಟ್ರ್ಯಾಕ್' ಎನ್ನುತ್ತಾರೆ. ಯಾರ ಟ್ರ್ಯಾಕ್ ಎಲ್ಲಿಗೆ ಹೋಗುತ್ತದೆ ಎಂದು ನಟರಿಗೆ ಮೊದಲೇ ಹೇಳುವ ಪದ್ಧತಿಯಿಲ್ಲ. ಬೆಳಿಗ್ಗೆ ಮೇಕಪ್ ಹಾಕುತ್ತಿರುವಾಗ ಆ ದಿನದ ಪುಟಗಳು ಕೈಗೆ ಬರುತ್ತವೆ, ಅಷ್ಟೇ. ನಾಳೆ ಏನು ಎಂದು ಕೇಳುವುದು ಸೆಟ್ಟಿನಲ್ಲಿ ಮರ್ಯಾದೆಯಲ್ಲ. ಹಾಗಾಗಿ ನಾವು ಬೇರೆ ಲಕ್ಷಣಗಳನ್ನು ನೋಡಿ ತಿಳಿದುಕೊಳ್ಳುತ್ತೇವೆ. ವಸ್ತ್ರವಿನ್ಯಾಸದವರು ಹೊಸ ಸೀರೆಗೆ ಅಳತೆ ಕೇಳದಿದ್ದರೆ ಅನುಮಾನ. ಸ್ಟಿಲ್ ಫೋಟೋಗ್ರಾಫರ್ ಬಂದು, "ಅಮ್ಮ, ಕನ್ನಡಕ ತೆಗೀರಿ, ನೇರ ನೋಡಿ, ತುಸು ನಗಿ" ಎಂದು ಎದೆಯ ಮಟ್ಟದ ಒಂದೇ ಒಂದು ಫೋಟೋ ತೆಗೆದುಕೊಂಡು ಹೋದರೆ, ಅನುಮಾನವೇ ಬೇಡ. ಆ ಪಾತ್ರದ ಕತೆ ಮುಗಿಯಿತು.

ನೀಲಗಿರಿಗೆ ಹೊರಡುವ ಮುಂಚಿನ ವಾರ ಆ ಫೋಟೋಗ್ರಾಫರ್ ನನ್ನ ಬಳಿ ಬಂದ. ಕನ್ನಡಕ ತೆಗೆಸಿದ.

ನಿರ್ದೇಶಕ ಸುಹಾಸ್ ಬೇಸಿಗೆಯ ವಿಶೇಷ ಸಂಚಿಕೆಗಳಿಗೆಂದು ಇಡೀ ತಂಡವನ್ನು ಊಟಿಗೆ ಹೊರಡಿಸಿದ್ದ. ಉಳಿಯುವುದು ಊಟಿಯಲ್ಲಿ, ಶೂಟಿಂಗ್ ಇತ್ತಲಾರ್ ಕಡೆಯ ಒಂದು ಹಟ್ಟಿಯಲ್ಲಿ. ಹಟ್ಟಿ ಎಂದರೆ ಆ ಬೆಟ್ಟದ ಬಡಗ ಜನರ ಊರು. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳ ಸಾಲು, ಎದುರಿಗೆ ಒಂದೇ ಅಂಗಳ, ಅದರ ಕೆಳಗೆ ಚಹಾ ತೋಟ, ಕ್ಯಾರೆಟ್ ಹೊಲ. ಕತೆಯಲ್ಲಿ ಒಂದು 'ಲೀಪ್' ಬರುವುದಿತ್ತು. ಲೀಪ್ ಎಂದರೆ ಕತೆ ಏಕಾಏಕಿ ಕೆಲವು ತಿಂಗಳು ಮುಂದಕ್ಕೆ ಜಿಗಿಯುವುದು. ಕುಟುಂಬ ಬೆಂಗಳೂರು ಬಿಟ್ಟು ಬೆಟ್ಟದ ಊರಿಗೆ ಬಂದಿದೆ, ಮನೆಗೆ ಹೊಸ ಮುಖವೊಂದು ಬಂದಿದೆ, ಗೋಡೆಯ ಮೇಲೆ ಗಿರಿಜತ್ತೆಯ ಫೋಟೋ ಇದೆ. ಫೋಟೋದ ಸಂಗತಿಯನ್ನು ನನಗೆ ಯಾರೂ ಹೇಳಲಿಲ್ಲ. ಮನೆ ಸಿಗುವ ದಿನಗಳನ್ನು ನೋಡಿಕೊಂಡು ಹಿಂದುಮುಂದಾಗಿ ಶೂಟ್ ಮಾಡುವುದು ನಮ್ಮ ರೂಢಿ. ಹಾಗಾಗಿ ನನ್ನ ಸಾವಿನ ಸುದ್ದಿಯ ದೃಶ್ಯಕ್ಕಿಂತ ಮೊದಲೇ ನನ್ನ ಹಾರದ ದೃಶ್ಯ ಬಂತು.

ನಾವು ಬಾಡಿಗೆಗೆ ಹಿಡಿದಿದ್ದು ಹಟ್ಟಿಯ ನಡುವಿನ ಮನೆ. ಮನೆಯ ಯಜಮಾನಿ ಎಂಬತ್ತು ದಾಟಿದ ಅಜ್ಜಿ. ತಲೆಗೆ ಬಿಳಿ ಬಟ್ಟೆ ಕಟ್ಟಿ ಬಿಸಿಲಿಗೆ ಕೂರುತ್ತಿದ್ದರು. ಅಲ್ಲಿ ಅಜ್ಜಿಗೆ ಹೆತ್ತೆ ಎನ್ನುತ್ತಾರೆ. ನಾವೂ ಹಾಗೇ ಕರೆದೆವು. ಅವರ ಬಡಗ ಮಾತು ಕನ್ನಡಕ್ಕೆ ಹತ್ತಿರ, ಕಿವಿಗೊಟ್ಟರೆ ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ಅವರ ಸೊಸೆ ರಾಧಾ ಬಿಡಿಸಿ ಹೇಳುತ್ತಿದ್ದಳು. ರಾಧಾ ಮೈಸೂರಿನಲ್ಲಿ ಓದಿದ ಹುಡುಗಿ. ಬಂದ ದಿನವೇ ನನ್ನನ್ನು ಗುರುತಿಸಿ, "ಅಕ್ಕಾ, ಹಾಸ್ಟೆಲಲ್ಲಿ ನಿಮ್ಮನ್ನ ನೋಡ್ತಾನೇ ಊಟ ಮಾಡ್ತಿದ್ವಿ" ಎಂದಿದ್ದಳು.

ಆ ದಿನ ಬೆಳಿಗ್ಗೆ ಕಲಾ ವಿಭಾಗದವರು ಹಾಲ್‌ನಲ್ಲಿ ಮೊಳೆ ಹೊಡೆದು ನನ್ನ ಫೋಟೋ ತೂಗುಹಾಕಿದರು. ಹಾರ ಹಾಕಿ, ಕುಂಕುಮ ಇಟ್ಟು, ಕೆಳಗೊಂದು ದೀಪವನ್ನೂ ಹಚ್ಚಿದರು. ಕ್ಯಾಮೆರಾ ಇಡುವಷ್ಟರಲ್ಲಿ ಮಂಜು ಇಳಿಯಿತು. ಬೆಳಕಿಲ್ಲದೆ ಕೆಲಸವಿಲ್ಲ. ತಂಡದವರೆಲ್ಲ ಚಹಾ ಕುಡಿಯಲು ಅಂಗಳದ ಆ ತುದಿಗೆ ಹೋದರು. ಬಾಗಿಲು ತೆರೆದೇ ಇತ್ತು, ದೀಪ ಉರಿಯುತ್ತಲೇ ಇತ್ತು. ಹೆತ್ತೆ ಹಿತ್ತಿಲಲ್ಲಿದ್ದರು. ನಾನು ಪಕ್ಕದ ಮನೆಯ ಕೋಣೆಯಲ್ಲಿ, ಲೀಪ್‌ಗೆ ಮುಂಚಿನ ಪ್ರವಾಸದ ದೃಶ್ಯವೊಂದಕ್ಕೆ ಮೇಕಪ್ಪಿಗೆ ಕೂತಿದ್ದೆ.

ತೋಟಕ್ಕೆ ಹೊರಟಿದ್ದ ಹೆಂಗಸೊಬ್ಬಳು ಬಾಗಿಲಲ್ಲಿ ಇಣುಕಿದಳು. ಹೆತ್ತೆಯ ಮನೆಯಲ್ಲಿ ಹಾರ, ದೀಪ, ನಗುತ್ತಿರುವ ಹೆಂಗಸಿನ ಫೋಟೋ! ಹೆತ್ತೆಯ ಕಡೆಯ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ತೋಟಕ್ಕೆ ಓಡಿ ಹೇಳಿದಳು. ಸ್ವಲ್ಪ ಹೊತ್ತಿನಲ್ಲಿ ಆರೇಳು ಜನ ಎಲೆ ಕೀಳುವುದು ಬಿಟ್ಟು, ಕೈ ತೊಳೆದು ಬಂದು, ಫೋಟೋದ ಮುಂದೆ ಸಾಲಾಗಿ ಕೂತು ಅಳತೊಡಗಿದರು.

ಅಳು ಕೇಳಿ ನಾನು ಕಾಫಿ ಲೋಟ ಹಿಡಿದುಕೊಂಡೇ ಹೊರಬಂದೆ. ಪ್ರಾಕ್ಟೀಸ್ ನಡೆಯುತ್ತಿರಬೇಕು ಎಂದುಕೊಂಡು ಹೊಸಿಲು ದಾಟಿದೆ. ಎದುರಿಗೆ ನಾನು, ಹಾರ ಹಾಕಿಸಿಕೊಂಡು ನಗುತ್ತಿದ್ದೇನೆ. ಊಹಿಸುವುದು ಬೇರೆ, ಕಣ್ಣಾರೆ ನೋಡುವುದು ಬೇರೆ.

ಅಷ್ಟರಲ್ಲಿ ಒಬ್ಬಾಕೆ ತಿರುಗಿ ನನ್ನನ್ನು ನೋಡಿದಳು, ಫೋಟೋ ನೋಡಿದಳು, ಮತ್ತೆ ನನ್ನನ್ನು ನೋಡಿ ಕಿಟಾರನೆ ಕಿರುಚಿದಳು. ಎಲ್ಲರೂ ಎದ್ದು ಗೋಡೆಗೆ ಒತ್ತಿಕೊಂಡರು. ನಾನು ಏನು ಹೇಳಬೇಕೆಂದು ಯೋಚಿಸುವ ಮೊದಲೇ ಗಿರಿಜತ್ತೆ ಬಾಯಿ ಬಿಟ್ಟಿದ್ದಳು.

"ಅಯ್ಯೋ ನಿಮ್ಮ ಮನೆ ಹಾಳಾಗ! ಇಷ್ಟು ಚೆಂದದ ಫೋಟೋ ಇಟ್ಕೊಂಡು, ಬದುಕಿದ್ದಾಗ ಯಾಕ್ರೋ ಹಾಕ್ಲಿಲ್ಲ ಗೋಡೆಗೆ?"

ಬಾಗಿಲಿಗೆ ಓಡಿ ಬಂದಿದ್ದ ತಂಡದವರು ಬಿದ್ದು ಬಿದ್ದು ನಕ್ಕರು. ರಾಧಾ ಬಡಗದಲ್ಲಿ ಹೇಳಿದ ಮೇಲೆ ಆ ಹೆಂಗಸರೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ಕಿರುಚಿದಾಕೆಯಂತೂ ನನ್ನ ಕೈ ಮುಟ್ಟಿ ಮುಟ್ಟಿ ನೋಡಿದಳು. ನಗದೆ ಇದ್ದವರು ಇಬ್ಬರೇ. ಒಬ್ಬ ಸುಹಾಸ್. ಇನ್ನೊಬ್ಬರು ಹಿತ್ತಿಲಿಂದ ಬಂದು ನಿಂತಿದ್ದ ಹೆತ್ತೆ.

"ಇದು ಏನ?" ಎಂದು ಹೆತ್ತೆ ಕೇಳಿದರು.

"ಸುಮ್ನೆ ಹೆತ್ತೆ, ಶೂಟಿಂಗಿಗೆ. ಮುಗಿದ ಮೇಲೆ ತೆಗೀತೀವಿ. ಬೇಕಾದ್ರೆ ಕುಂಬಳಕಾಯಿ ಒಡೆದು ದೃಷ್ಟಿ ತೆಗೆಸ್ತೀನಿ" ಎಂದ ಸುಹಾಸ್.

"ಬೇಡ. ಎನ್ನ ಮನೆಯೊಗೆ ಬೇಡ" ಎಂದ ಹೆತ್ತೆ, ತಾವೇ ಕೈ ಚಾಚಿ ಹಾರ ತೆಗೆದು ಕೆಳಗಿಟ್ಟರು. ದೀಪವನ್ನೂ ಆರಿಸಿದರು.

ರಾಧಾ ನಮಗೆ ತಿಳಿಸಿ ಹೇಳಿದಳು. "ನಮ್ಮ ಕಡೆ ಒಂದು ಸಾವು ಅಂದ್ರೆ ಸುತ್ತಲಿನ ಹಟ್ಟಿಯವರೆಲ್ಲ ಕೆಲಸ ಬಿಟ್ಟು ಬರ್ತಾರೆ ಸಾರ್. ಇವ್ರು ಎಲೆ ಕೀಳೋದನ್ನ ಹಾಗೇ ಬಿಟ್ಟು ಬಂದಿದ್ದಾರೆ ನೋಡಿ. ಬದುಕಿರೋರಿಗಾಗಿ ಇವ್ರನ್ನ ಅಳಿಸಿದ್ರಲ್ಲ ಅಂತ ಹೆತ್ತೆಗೆ ಬೇಜಾರು. ಒಪ್ಪಲ್ಲ ಅವ್ರು, ಬಲವಂತ ಮಾಡ್ಬೇಡಿ."

ಆಮೇಲೆ ಹೆತ್ತೆ ನನ್ನನ್ನು "ಬಾ" ಎಂದು ಹತ್ತಿರ ಕರೆದರು. ಬಡಗರಲ್ಲಿ ಕಿರಿಯರು ತಲೆ ಬಗ್ಗಿಸಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ರಾಧಾ ಕಣ್ಸನ್ನೆ ಮಾಡಿದಳು; ಬಗ್ಗಿದೆ. ಆ ಒರಟು ಕೈ ನನ್ನ ಬಿಳಿ ಬಳಿದ ಕೂದಲ ಮೇಲೆ ಕೂತಿತು. ಹರಕೆ ಬಹಳ ಹೊತ್ತು ನಡೆಯಿತು. ಬಾಳಬೇಕು, ಮನೆ ತುಂಬಬೇಕು, ಮಾತು ನಡೆಯಬೇಕು ಎಂದೆಲ್ಲ ಇದ್ದಂತೆ ಕೇಳಿಸಿತು. ನನಗೆ ಅಳು ಬಂತು. ನಲವತ್ತು ವರ್ಷ ಬಣ್ಣ ಹಚ್ಚಿದವಳು, ಗ್ಲಿಸರಿನ್ ಇಲ್ಲದೆ ಸೆಟ್ಟಿನಲ್ಲಿ ಅತ್ತದ್ದು ಅದೇ ಮೊದಲು. ಇದೇನು ಎಂದು ಯಾರೂ ಕೇಳದೆ ಇದ್ದದ್ದನ್ನು ಆ ಮುದುಕಿ ಎಲ್ಲರೆದುರು ಕೇಳಿದ್ದರು. ನಾನೂ ಕೇಳಿರಲಿಲ್ಲ.

ಕಣ್ಣೊರೆಸಿಕೊಂಡು ಸುಹಾಸನನ್ನು ಅಂಗಳದ ತುದಿಗೆ ಕರೆದುಕೊಂಡು ಹೋದೆ. ಪಾಪ, ಅವನ ಮುಖ ಬೆಂದ ಬದನೆಕಾಯಿಯಾಗಿತ್ತು.

"ಯಾವತ್ತು ಸಾಯ್ತೀನಪ್ಪ ನಾನು?" ಎಂದೆ.

"ಅಮ್ಮ... ಚಾನೆಲ್ಲಿನವರ ತೀರ್ಮಾನ. ಹೊಸ ಮುಖ ಬೇಕಂತೆ. ಊರಲ್ಲಿ ಹಾರ್ಟ್ ಅಟ್ಯಾಕ್ ಆಯ್ತು ಅಂತ ಫೋನಲ್ಲಿ ಸುದ್ದಿ ಬರತ್ತೆ. ನಾನು ಹೇಗೆ ಹೇಳ್ಲಿ ನಿಮಗೆ?"

"ಫೋನಲ್ಲೇ? ಆರು ವರ್ಷ ನಗಿಸಿದವಳು ಫೋನಲ್ಲಿ ಸಾಯಬೇಕಾ? ನಾಚಿಕೆ ಆಗಲ್ವೇನೋ ನಿಂಗೆ?"

ನಾನು ಬಿಡಲಿಲ್ಲ. "ನೋಡು ಮರಿ, ಈಗ ಒಳಗೆ ನಗು ಬಂತಲ್ಲ, ಅದನ್ನ ಯಾರೂ ಬರೆದಿರಲಿಲ್ಲ. ನಮ್ಮ ಬರಹಗಾರರು ಎರಡು ವಾರ ಕೂತರೂ ಬರೆಯೋಕಾಗಲ್ಲ. ಗಿರಿಜತ್ತೆ ಸತ್ತಳು ಅಂತ ತಪ್ಪು ಸುದ್ದಿ ಬರಲಿ, ಅವಳು ಕಾಫಿ ಲೋಟ ಹಿಡ್ಕೊಂಡು ಒಳಗೆ ಬರಲಿ. ಅದನ್ನ ತೆಗೆದು ಚಾನೆಲ್ಲಿಗೆ ಕಳಿಸು. ಅವರು ನಗದಿದ್ರೆ ನಾನೇ ಪೆಟ್ಟಿಗೆ ಕಟ್ತೀನಿ, ನಿನ್ನ ಮೇಲೆ ಒಂದು ಮಾತೂ ಆಡಲ್ಲ."

"ನಕ್ಕರೆ?"

"ನಕ್ಕರೆ ನಾನು ಇರ್ತೀನಿ. ಇನ್ಮೇಲೆ ನನ್ನ ಟ್ರ್ಯಾಕ್ ನನಗೆ ಮೊದಲೇ ಹೇಳಬೇಕು."

ಸುಹಾಸ್ ಒಳ್ಳೆಯ ಹುಡುಗ, ನಗುವಿನ ಲೆಕ್ಕ ಬಲ್ಲವನು. "ಆಯ್ತಮ್ಮ" ಎಂದ.

ಹೆತ್ತೆಯನ್ನು ಕೇಳದೆ ಈ ಸಲ ಏನನ್ನೂ ಮಾಡಲಿಲ್ಲ. ರಾಧಾಳ ಜೊತೆ ಅವರ ಮುಂದೆ ಕೂತು ಇಡೀ ದೃಶ್ಯವನ್ನು ಆಡಿ ತೋರಿಸಿದೆ. ಫೋಟೋ ಇರಬಹುದು, ಹಾರ ಅದನ್ನು ಮುಟ್ಟಬಾರದು, ದೀಪ ಹಚ್ಚಬಾರದು, ಹಟ್ಟಿಯ ಹೆಂಗಸರು ಯಾರೂ ಅಳುವುದಿಲ್ಲ ಎಂದರು ಹೆತ್ತೆ. ನಾವು ಎಲ್ಲಕ್ಕೂ ಒಪ್ಪಿದೆವು. ಇದರಿಂದ ದೃಶ್ಯ ಮೊದಲಿಗಿಂತ ಚೆನ್ನಾಯಿತು. ಮಗ ಸ್ಟೂಲಿನ ಮೇಲೆ ನಿಂತು ಹಾರ ಎತ್ತುತ್ತಾನೆ, ಹಾರದ ಉದ್ದದ ಬಗ್ಗೆ ಸೊಸೆಯೊಡನೆ ಜಗಳವಾಗುತ್ತದೆ, ಹಾರ ಗಾಳಿಯಲ್ಲೇ ನಿಂತಿರುವಾಗ ಗಿರಿಜತ್ತೆ ಬರುತ್ತಾಳೆ. ಮಂಜು ಸರಿದು ಬಿಸಿಲು ಬಂದ ತಕ್ಷಣ ಒಂದೇ ಟೇಕಿನಲ್ಲಿ ಮುಗಿಸಿದೆವು. ಬಾಗಿಲಾಚೆ ಹಟ್ಟಿಯ ಹೆಂಗಸರ ನಗು ಮೈಕಿಗೆ ಬಿದ್ದಿತ್ತು. ಸೌಂಡ್‌ನವನು ತೆಗೆಯಲು ಹೊರಟಾಗ ಸುಹಾಸ್ ತಡೆದ.

ಎಡಿಟ್ ಆಗದ ತುಣುಕನ್ನು ಆ ಸಂಜೆಯೇ ಚಾನೆಲ್ಲಿನ ಮೇಲ್ವಿಚಾರಕಿಗೆ ಕಳಿಸಿದ. ಉತ್ತರ ಮರುದಿನ ತಿಂಡಿಯ ಹೊತ್ತಿಗೆ ಬಂತು. ಅಷ್ಟು ಹೊತ್ತು ನನ್ನ ಜೀವ ನನ್ನ ಕೈಯಲ್ಲಿರಲಿಲ್ಲ. ಧೈರ್ಯದ ಮಾತು ಆಡಿದವಳೇ ತಟ್ಟೆಯ ಇಡ್ಲಿಯನ್ನು ಮುರಿಯುತ್ತ ಕೂತಿದ್ದೆ. ಸುಹಾಸ್ ಫೋನನ್ನು ಸ್ಪೀಕರಿಗೆ ಹಾಕಿದ. ಆಕೆ ಮಾತಿಗಿಂತ ಮೊದಲು ನಕ್ಕಳು. ಆಮೇಲೆ, "ಸದ್ಯಕ್ಕೆ ಅತ್ತೆ ಇರಲಿ ಬಿಡಿ, ಮುಂದೆ ನೋಡೋಣ" ಎಂದಳು. ನಮ್ಮ ಲೋಕದಲ್ಲಿ ಇದಕ್ಕಿಂತ ದೊಡ್ಡ ಭರವಸೆ ಯಾರಿಗೂ ಯಾರೂ ಕೊಡುವುದಿಲ್ಲ. ನಾನು ಇನ್ನೆರಡು ಇಡ್ಲಿ ಹಾಕಿಸಿಕೊಂಡೆ.

ಆ ಸಂಚಿಕೆಯನ್ನು ಜನ ಮೆಚ್ಚಿದರು. ಹೊಸ ಮುಖವೆಂದು ಬಂದ ಹುಡುಗಿ ನನ್ನ ಜಾಗಕ್ಕೆ ಬರಲಿಲ್ಲ. ನನಗೆ ಎದುರುತ್ತರ ಕೊಡುವ ಎರಡನೇ ಸೊಸೆಯಾದಳು. ಸೆಟ್ಟಿನಲ್ಲಿ ಅವಳಿಗೆ ನಾನು ಮೊದಲು ಕಲಿಸಿದ್ದು ಡೈಲಾಗ್ ಹೇಳುವುದನ್ನಲ್ಲ. "ನಾಳೆ ನನಗೇನಾಗತ್ತೆ ಅಂತ ನೇರವಾಗಿ ಕೇಳು ಪುಟ್ಟಿ. ಕೇಳಿದ್ರೆ ಮರ್ಯಾದೆ ಹೋಗಲ್ಲ. ಕೇಳದೆ ಇದ್ರೆ ಕೆಲಸ ಹೋಗತ್ತೆ" ಎಂದೆ. ಈ ಕಸುಬು ನನಗೆ ಕಲಿಸಿದ ಪಾಠ ಇಷ್ಟೇ. ನಗಿಸುವುದು ಬಂದರೆ ಸಾಲದು, ನಿನ್ನ ಬಗ್ಗೆ ನಡೆಯುವ ಮಾತಿನಲ್ಲಿ ನೀನೂ ಕೂತಿರಬೇಕು.

ಆ ಮಾತಿನ ನಡುವೆ ನಾನೂ ಕುರ್ಚಿ ಎಳೆದುಕೊಂಡು ಕೂತೆ. ಆಮೇಲೆ ಚಾನೆಲ್ಲಿನಲ್ಲಿ ಎರಡು ಸಲ ಜನ ಬದಲಾದರು, ಬರಹಗಾರರು ಬದಲಾದರು, ಕೊನೆಗೊಂದು ದಿನ ಧಾರಾವಾಹಿಯೇ ಕಣ್ಣು ಮುಚ್ಚಿತು. ಗಿರಿಜತ್ತೆ ಮಾತ್ರ ಸಾಯಲಿಲ್ಲ.