ಬಸ್ಸು ಹತ್ತಿದ ದುಂಡುಮಲ್ಲಿಗೆ

ಮಲ್ಲಿಗೆ ಬೆಳೆಸುವ ಮನೆಯಲ್ಲಿ ಮೊದಲು ಹರಡುವುದು ಮಲ್ಲಿಗೆಯ ಪರಿಮಳವಲ್ಲ, ನೆನೆಹಾಕಿದ ಕಡಲೆಹಿಂಡಿಯ ನಾತ. ಇವತ್ತು ಬೆಳಿಗ್ಗೆ ಬಕೆಟಿನ ಮುಚ್ಚಳ ತೆಗೆದದ್ದೇ ತಡ, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಫೋನಿನಲ್ಲಿ ಯಾರೋ ಹೇಳಿಕೊಟ್ಟ ಉಪಾಯವಿದು. ಇದಕ್ಕೂ ಮೊದಲು ಬಾಳೆಹಣ್ಣಿನ ಸಿಪ್ಪೆ, ಹುಳಿ ಮಜ್ಜಿಗೆ ಎಲ್ಲ ಆಗಿದೆ. ಗಿಡ ತಿಂದು ತೇಗಿ ಎಲೆ ಬಿಡುತ್ತಿದೆ. ನೀವೂ ಕುಂಡದಲ್ಲಿ ಮಲ್ಲಿಗೆ ಇಟ್ಟವರಾದರೆ ನಗಬೇಡಿ. ನಿಮ್ಮ ಹಿತ್ತಲಲ್ಲೂ ಇಂಥದೊಂದು ಬಕೆಟ್ ಇದ್ದೇ ಇರುತ್ತದೆ.

ಈ ನಾತಕ್ಕೆ ನನಗೆ ನೆನಪಾಗುವವರು ಮಾದಾಪುರದ ನಮ್ಮ ದೊಡ್ಡಮ್ಮ. ಅವರ ದುಂಡುಮಲ್ಲಿಗೆಯೂ ಹೀಗೇ ಉಂಡಾಡಿ. ನಮ್ಮ ಮೋಡದ ಊರಿನಲ್ಲಿ ಮಲ್ಲಿಗೆಗೆ ಬಿಸಿಲು ಎಲ್ಲಿಂದ ತರುವುದು? ಬಿಸಿಲು ಅಂಗಳದಲ್ಲಿ ಸರಿದಲ್ಲೆಲ್ಲ ದೊಡ್ಡಮ್ಮ ಕುಂಡವನ್ನು ಕೂಸಿನ ಹಾಗೆ ಎತ್ತಿಕೊಂಡು ತಿರುಗುತ್ತಿದ್ದರು. ದೊಡ್ಡಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರು. ರೈಟರೆಂದರೆ ಬರೆಯುವವರಲ್ಲ, ಆಳುಗಳ ಮೇಲೆ ಕೂಗುವವರು. ಮನೆಯಲ್ಲಿ ಕೂಗಲು ಅವಕಾಶವಿರಲಿಲ್ಲವಾದ್ದರಿಂದ ಗೊಣಗುತ್ತಿದ್ದರು.

"ಗಿಡವನ್ನ ಒಣಗಿಸ್ಬೇಕು ಕಣೇ. ಕಾಫಿ ಬಾಡಿ ನಿಂತಾಗ ತಾನೇ ಹೂಮಳೆ ಬಿದ್ದು ಹೂ ಬಿಡೋದು? ನೀನು ಬಾಣಂತಿಗೆ ಬಡಿಸಿದ ಹಾಗೆ ಬಡಿಸ್ತೀಯ. ಅಂಗಡೀಲಿ ಮೊಳಗಟ್ಲೆ ಸಿಗುತ್ತಪ್ಪ ಹೂವು!"

ಅಂಗಡಿ ಎಂದದ್ದೇ ತಪ್ಪಾಯಿತು. "ಈ ಗಿಡ ಹೂ ಬಿಡೋವರೆಗೂ ನಾನು ಬೇರೆ ಹೂ ಮುಡಿಯಲ್ಲ, ತಿಳ್ಕೊಳ್ಳಿ" ಎಂದರು ದೊಡ್ಡಮ್ಮ.

ಶಪಥ ಅವರದು, ಶಿಕ್ಷೆ ದೊಡ್ಡಪ್ಪನದು. ಮದುವೆ ಮನೆಯಲ್ಲಿ ಹೂವಿನ ತಟ್ಟೆ ಬಂದರೆ ದೊಡ್ಡಮ್ಮ ಕುಂಕುಮ ಮಾತ್ರ ಇಟ್ಟುಕೊಳ್ಳುವರು. ಊರೆಲ್ಲ ತಿರುಗಿ ದೊಡ್ಡಪ್ಪನನ್ನು ನೋಡುವುದು. "ಏನ್ ರೈಟ್ರೇ, ಹೆಂಡ್ತಿಗೆ ಒಂದು ಮೊಳ ಹೂವಿಗೂ ಬರ ಬಂತಾ?"

ಮಗಳ ಎರಡನೇ ಬಾಣಂತನಕ್ಕೆ ದೊಡ್ಡಮ್ಮ ನಾಪೋಕ್ಲಿಗೆ ಹೋದರು. ದೊಡ್ಡಪ್ಪನಿಗೆ ಸ್ವರಾಜ್ಯ ಬಂತು. ಕೊಂಬೆ ಕತ್ತರಿಸಿದರು, ನೀರು ನಿಲ್ಲಿಸಿದರು, ಗಿಡ ಜೋಲುಬಿದ್ದ ಮೇಲೆ ಕೊಡದಿಂದ ಹೂಮಳೆಯನ್ನೂ ಸುರಿಸಿದರು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಗಿಡದ ತುಂಬ ಮೊಗ್ಗು! ಕಿತ್ತರೆ ಬಾಡುತ್ತದೆಂದು ಕುಂಡವನ್ನೇ ಅಪ್ಪಿಕೊಂಡು ಹೊರಟರು. ಮಡಿಕೇರಿಯಲ್ಲಿ ನಾನೂ ಜೊತೆಯಾದೆ.

"ಯಜಮಾನ್ರೇ, ಇದಕ್ಕೆ ಲಗೇಜು ಟಿಕೆಟ್ ಆಗುತ್ತೆ" ಎಂದ ಕಂಡಕ್ಟರು.

"ಮಲ್ಲಿಗೆ ಹೆಣ್ಣು ಹೆಸ್ರಲ್ವೇನಪ್ಪಾ? ಹೆಂಗಸ್ರಿಗೆ ಫ್ರೀ."

"ಹಂಗಾದ್ರೆ ಆಧಾರ್ ತೋರ್ಸೋಕೆ ಹೇಳಿ."

ಬಸ್ಸೆಲ್ಲ ನಕ್ಕಿತು. ಆದರೆ ತಿರುವು ತಿರುವಿಗೂ ಮೊಗ್ಗು ಉದುರತೊಡಗಿದಾಗ ದೊಡ್ಡಪ್ಪ ಎರಡೂ ಕೈಗಳಿಂದ ಕೊಂಬೆಗಳನ್ನು ತಬ್ಬಿಕೊಂಡು ಕೂತರು. ನಾಪೋಕ್ಲು ಮುಟ್ಟುವಾಗ ಗಿಡದಲ್ಲಿ ಉಳಿದು ಅರಳಿದ್ದು ನಾಲ್ಕೇ ನಾಲ್ಕು.

ಬಾಗಿಲಿಗೆ ಬಂದ ದೊಡ್ಡಮ್ಮ ಕುಂಡ ನೋಡಿದವರೇ ಸೆರಗನ್ನು ಹಣೆಯವರೆಗೆ ಎಳೆದುಕೊಂಡರು. ತಲೆಯ ಮೇಲೆ ಸೆರಗು ಹೊದ್ದು ಗೊತ್ತಿದ್ದವರೇ ಅಲ್ಲ. ಪಕ್ಕಕ್ಕೆ ತಿರುಗಿದಾಗ ನನಗೆ ಕಂಡಿತು: ಸೆರಗಿನಡಿ ಅಂಗಡಿಯ ಮಲ್ಲಿಗೆ, ಮೊಳಕ್ಕೆ ಕಡಿಮೆಯಿಲ್ಲ. ಶುಭಕಾರ್ಯದಲ್ಲಿ ಬರಿ ತುರುಬು ಬೇಡವೆಂದು ಬೀಗಿತ್ತಿಯೇ ಮುಡಿಸಿದ್ದರಂತೆ.

"ಅಮ್ಮಂಗೆ ಶೀತ" ಎಂದಳು ಮಗಳು, ಆ ಸುಡುಬಿಸಿಲಿನಲ್ಲಿ.

ದೊಡ್ಡಪ್ಪ ಮೂಗರಳಿಸಿದರು. "ನೋಡಿದ್ಯೇನೇ? ಉಳಿದಿದ್ದು ನಾಲ್ಕು ಹೂವಾದ್ರೂ ಮನೆಯೆಲ್ಲ ಘಮ್ ಅಂತಿದೆ!"

"ಹೌದೂರೀ" ಎಂದರು ದೊಡ್ಡಮ್ಮ, ನೆಲ ನೋಡುತ್ತ. "ಏನೇ ಹೇಳಿ, ನಿಮ್ಮ ಕೈಗುಣ."

ಒಳಗೆ ಹೋಗಿ ಬಂದಾಗ ಸೆರಗು ಇಳಿದಿತ್ತು, ತುರುಬು ಬರಿದಾಗಿತ್ತು. ದೊಡ್ಡಪ್ಪ ನಾಲ್ಕು ಹೂ ಕಿತ್ತು ಅವರ ಅಂಗೈಗೆ ಹಾಕಿದರು.

ಹಿಂತಿರುಗುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ದೊಡ್ಡಪ್ಪ, ಆ ಪರಿಮಳ..."

"ಸುಮ್ನಿರೋ ಮಾರಾಯ. ಸೆರಗಿನ ಸಂದಿಂದ ಹೂವಿನ ದಾರ ನೇತಾಡ್ತಿತ್ತು, ನಂಗೇನು ಕಣ್ಣಿಲ್ವಾ? ಮದ್ವೆಯಾದ ಮೇಲೆ ಮೊದಲ ಸಲ ನನ್ನ ಕೈಗುಣ ಒಪ್ಕೊಂಡಿದ್ದಾಳೆ. ಅದನ್ನ ಕೈಯಾರೆ ಕಳ್ಕೊಳ್ಲಾ?"

ಇದನ್ನೆಲ್ಲ ನೆನೆಯುತ್ತ ಹಿಂಡಿ ನೀರು ಹಿಡಿದು ನನ್ನ ಕುಂಡದ ಬಳಿ ಹೋದರೆ, ಮಣ್ಣಿನ ಮೇಲೆ ಕಾಫಿ ಗಸಿ. ಗಸಿ ಹಾಕಕೂಡದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಮನೆಯಲ್ಲಿರುವುದು ನಾನು ಮತ್ತು ನನ್ನ ಹೆಂಡತಿ. ಕರೆದು ಕೇಳಿಯೇಬಿಡೋಣವೆಂದು ಬಾಯಿ ತೆರೆದವನು, ಒಂದು ಹಿಡಿ ಮಣ್ಣು ತಂದು ಅದರ ಮೇಲೆ ಹರಡಿದೆ.

"ಏನಾದ್ರೂ ಕಾಣ್ತೇನ್ರೀ?" ಎಂದಳು ಒಳಗಿನಿಂದ.

"ಎಂಥದೂ ಇಲ್ಲ" ಎಂದೆ.