ತುಟಿಯಿಂದ ಕೈಗಿಳಿದ ಸೀಟಿ

ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ದೋಣಿಗಳು ಒಂದರ ಬೆನ್ನಿಗೊಂದು ಒಳಬರುತ್ತಿವೆ. ದೋಣಿ ಕಟ್ಟುವ ದಕ್ಕೆಯ ಪಕ್ಕದ ತಗಡಿನ ಚಪ್ಪರದಡಿ ದೇವರಾಜ ಹರಿಕಂತ್ರ ಕಾಲು ಚಾಚಿ ಕುಳಿತು, ಬಲೆಯ ಅಂಚನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿದ್ದಾರೆ. ಯಾರೋ ಮೀನಿನ ಬುಟ್ಟಿ ಇಳಿಸುತ್ತ ಕೂಗುತ್ತಾರೆ, ಇನ್ನಾರೋ ಮಂಜುಗಡ್ಡೆಗೆಂದು ಬೊಬ್ಬೆ ಹಾಕುತ್ತಾರೆ. ದೇವರಾಜ ತಲೆಯೆತ್ತುವುದಿಲ್ಲ. ಅವರ ಎಡ ಮಣಿಕಟ್ಟಿಗೆ ಕಪ್ಪು ದಾರವೊಂದು ಕಟ್ಟಿದೆ, ದಾರದ ತುದಿಯಲ್ಲಿ ಸೀಟಿಯೊಂದು ತೂಗುತ್ತಿದೆ.

ವಾರದ ಆರು ದಿನ ಬಲೆ ಹೊಲಿಯುವ ಈ ಮನುಷ್ಯ ಏಳನೆಯ ದಿನ ಫುಟ್‌ಬಾಲ್ ರೆಫ್ರಿ. ಭಟ್ಕಳದಿಂದ ಕುಮಟಾದವರೆಗೆ ಎಲ್ಲಿ ಪಂದ್ಯಾವಳಿ ನಡೆದರೂ ಸಂಘಟಕರಿಗೆ ಮೊದಲು ನೆನಪಾಗುವುದು ಇವರ ಫೋನ್ ನಂಬರು. ಪಂದ್ಯ ಮುಗಿದ ಮೇಲೆ ಮೊದಲು ಮರೆತುಹೋಗುವ ಹೆಸರೂ ಇವರದೇ. ಗೋಲು ಹೊಡೆದವನ ಚಿತ್ರ ಮರುದಿನ ಎಲ್ಲರ ಮೊಬೈಲಿನಲ್ಲಿರುತ್ತದೆ. ಅದರ ಮೂಲೆಯಲ್ಲಿ ಅರ್ಧ ಕತ್ತರಿಸಿದ ಕಪ್ಪು ಅಂಗಿ ಕಂಡರೆ, ಅದು ದೇವರಾಜ.

ಇಂದು ಸಂಜೆ ಭಟ್ಕಳದಲ್ಲಿ ಫೈನಲ್. ಒಂದು ಕಡೆ ಭಟ್ಕಳದ ತಂಡ, ಇನ್ನೊಂದು ಕಡೆ ಕುಮಟಾದ ತಂಡ. ಹೋದ ವರ್ಷದ ಗಲಾಟೆಯ ನಂತರ ದೇವರಾಜ ಅಲ್ಲಿನ ಜನರ ನಡುವೆ ಸೀಟಿ ಹಿಡಿಯುತ್ತಿರುವುದು ಇದೇ ಮೊದಲು. ಜನರ ಕೂಗಿಗೆ ತಾವು ಮತ್ತೊಮ್ಮೆ ಸೋತರೆ ಸೀಟಿಯನ್ನು ಸಂಘಟಕರ ಮೇಜಿನ ಮೇಲಿಟ್ಟು ಬಂದುಬಿಡುವುದಾಗಿ ಅವರು ಮನೆಯಲ್ಲಿ ಹೇಳಿಬಿಟ್ಟಿದ್ದಾರೆ. ಮೀನು ಮಾರಲು ಹೊರಟ ಹೆಂಡತಿ ದೇವಿ ಬುಟ್ಟಿಯನ್ನು ಸೊಂಟಕ್ಕೇರಿಸಿ ಒಂದು ಗಳಿಗೆ ಚಪ್ಪರದ ಬಳಿ ನಿಲ್ಲುತ್ತಾರೆ.

"ಇಟ್ಟು ಬರೂದಾದ್ರೆ ಈಗ್ಲೇ ಹೇಳಿ. ಆ ಕರಿ ಅಂಗಿ ಒಲೆಕಟ್ಟೆ ಒರ್ಸೂಕೆ ಚಲೋ ಆಗ್ತದೆ."

ದೇವರಾಜ ನೂಲನ್ನು ಹಲ್ಲಿನಿಂದ ಕಡಿದು ನಗುತ್ತಾರೆ. ನಗು ತುಟಿಯಿಂದ ಮುಂದಕ್ಕೆ ಹೋಗುವುದಿಲ್ಲ.

ದೇವರಾಜರ ಬಾಲ್ಯ ಕಳೆದದ್ದು ರಂಪಣಿ ಬಲೆಯ ಹಗ್ಗ ಹಿಡಿದು. ದೋಣಿ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು ಬಂದರೆ, ದಡದಲ್ಲಿ ಎರಡು ಸಾಲು ಜನ ಎರಡು ತುದಿಯ ಹಗ್ಗ ಹಿಡಿದು ಜಗ್ಗಬೇಕು. ಮುಂದಾಳಾದ ತಾಂಡೇಲ ಕೂಗು ಹಾಕುತ್ತಾನೆ, ಸಾಲು ಒಂದೇ ಮೈಯಾಗಿ ಹಿಂದಕ್ಕೆ ವಾಲುತ್ತದೆ. ಒಬ್ಬನ ಕೈ ತಡವಾದರೂ ಬಲೆ ಒಂದು ಬದಿಗೆ ಸೊಟ್ಟಗಾಗಿ, ಬಂದ ಮೀನು ಬಂದ ದಾರಿಯಲ್ಲೇ ಹೋಗುತ್ತದೆ. ಕೂಗು ಕೇಳಿದ ಮೇಲೆ ಯೋಚನೆ ಮಾಡುವವನಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಸೋದರಮಾವ ಜಟ್ಟಿಯೇ ಆಗ ತಾಂಡೇಲ. ಕೈ ತಡವಾದವರ ಬೆನ್ನಿಗೆ ಅವರ ಒದ್ದೆ ಪಂಚೆಯ ತುದಿ ಬೀಳುತ್ತಿತ್ತು.

ಹಗ್ಗ ಜಗ್ಗಿ ಉಳಿದ ಹೊತ್ತಿನಲ್ಲಿ ಮರಳಿನ ಮೇಲೆ ಚೆಂಡು. ದೇವರಾಜ ಚೆನ್ನಾಗಿಯೇ ಆಡುತ್ತಿದ್ದರು. ಯೌವನದಲ್ಲೇ ಮೊಣಕಾಲು ಕೈಕೊಟ್ಟಿತು. ಆಟ ಬಿಟ್ಟಿರಲಾರದೆ ಅವರು ರೆಫ್ರಿ ಪರೀಕ್ಷೆ ಬರೆದರು. ಬೈಗುಳ ತಿನ್ನುವ ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಅಂದಿನಿಂದ ಬಿಸಿಲು, ಉಬ್ಬಸ, ಮೈದಾನದ ಆಚೆಯಿಂದ ಹಾರಿಬರುವ ನೀರಿನ ಬಾಟಲಿ, ಎಲ್ಲವನ್ನೂ ಸಹಿಸಿದ್ದಾರೆ. ಪಕ್ಷಪಾತಿ ಎಂಬ ಮಾತೊಂದು ಮಾತ್ರ ಹೋದ ವರ್ಷದವರೆಗೆ ಅವರ ಕಿವಿಗೆ ಬಿದ್ದಿರಲಿಲ್ಲ.

ಅದು ಸೆಮಿಫೈನಲ್ ಪಂದ್ಯ, ಇದೇ ಎರಡು ತಂಡ, ಇದೇ ಮೈದಾನ. ಆಟ ಮುಗಿಯುತ್ತ ಬಂದಾಗ ಭಟ್ಕಳದ ಹುಡುಗ ಒದ್ದ ಚೆಂಡು ಕುಮಟಾದ ಆಟಗಾರನ ತೊಡೆಗೆ ಬಡಿದು ಪುಟಿಯಿತು. ಗೋಡೆಯ ಮೇಲೆ, ಮರದ ಮೇಲೆ, ಗೆರೆಯ ಅಂಚಿನಲ್ಲಿ ಕಿಕ್ಕಿರಿದಿದ್ದ ಜನ, ಚೆಂಡು ಕೈಗೆ ತಾಗಿತೆಂದು, ಒಂದೇ ಗಂಟಲಿನಲ್ಲಿ 'ಹ್ಯಾಂಡ್' ಎಂದರು. ತುಟಿಯಲ್ಲಿದ್ದ ಸೀಟಿ ಊದಿಯೇ ಹೋಯಿತು. ಪೆನಾಲ್ಟಿ, ಗೋಲು, ಕುಮಟಾ ಮನೆಗೆ. ಹಿಂದೆಯೇ ತಳ್ಳಾಟ, ಹರಿದ ಅಂಗಿಗಳು, ಮುರಿದ ಕುರ್ಚಿಗಳು.

ಎಲ್ಲ ತಣ್ಣಗಾದ ಮೇಲೆ ಕುಮಟಾದ ನಾಯಕ ಸುಮಿತ ನಾಯ್ಕ ದೇವರಾಜರ ಬಳಿ ಬಂದ. ಜಗಳಕ್ಕೆ ಬಂದವನಲ್ಲ, ಅವನ ದನಿಯೂ ಏರಿರಲಿಲ್ಲ.

"ಸರ್, ಒಂದು ಕೇಳ್ತೆ, ಬೇಜಾರು ಮಾಡ್ಕಬೇಡಿ. ನೀವು ನೋಡಿ ಊದಿದ್ದಾ, ಕೇಳಿ ಊದಿದ್ದಾ?"

ಮನೆಗೆ ಮರಳುವ ಬಸ್ಸಿನಲ್ಲಿ ಮಂಕಿ ಊರು ದಾಟುವವರೆಗೂ ದೇವರಾಜ ಆ ಪ್ರಶ್ನೆಯನ್ನೇ ತಿರುವಿಹಾಕಿದರು. ಚೆಂಡು ಕೈಗೆ ಬಡಿದದ್ದನ್ನು ತಮ್ಮ ಕಣ್ಣು ಕಂಡಿತ್ತೇ ಎಂದು ಎಷ್ಟು ಸಲ ಕೇಳಿಕೊಂಡರೂ ನೆನಪಿಗೆ ಬರುತ್ತಿದ್ದುದು ಆ ಕೂಗು ಮಾತ್ರ.

ಈ ಪ್ರಶ್ನೆ ಟೊಂಕದ ಚಪ್ಪರದಡಿ ಮಾತ್ರ ಹುಟ್ಟಿದ್ದಲ್ಲ. ಕೊರೋನಾ ಕಾಲದಲ್ಲಿ ಯುರೋಪಿನ ದೊಡ್ಡ ದೊಡ್ಡ ಕ್ರೀಡಾಂಗಣಗಳು ಬರಿದಾಗಿ, ಪ್ರೇಕ್ಷಕರಿಲ್ಲದೆ ಪಂದ್ಯಗಳು ನಡೆದಾಗ, ತವರಿನ ತಂಡಕ್ಕೆ ಎಂದಿನಿಂದ ಸಿಗುತ್ತಿದ್ದ ಅನುಕೂಲ ಕುಗ್ಗಿದ್ದನ್ನು ಅಧ್ಯಯನಕಾರರು ಗುರುತಿಸಿದರು. ಹೊರಗಿನಿಂದ ಬಂದ ತಂಡದ ಮೇಲೆ ರೆಫ್ರಿಗಳು ಬೀಸುತ್ತಿದ್ದ ಹಳದಿ ಕಾರ್ಡುಗಳೂ ಕಡಿಮೆಯಾಗಿದ್ದವು. ಭಟ್ಕಳದ ಪಂದ್ಯಾವಳಿಯ ಕಾರ್ಯದರ್ಶಿ ಅಬ್ದುಲ್ ಬಾರಿ ದಾಮುದಿ ಇದನ್ನೆಲ್ಲ ಎಲ್ಲೋ ಓದಿದ್ದರು. ಗಲಾಟೆಯಿಂದ ಬೇಸತ್ತ ಸಮಿತಿ ಆ ವರ್ಷದ ಫೈನಲ್ಲಿಗೆ ಪ್ರೇಕ್ಷಕರೇ ಬೇಡವೆಂದು ತೀರ್ಮಾನಿಸಿದಾಗ, ರೆಫ್ರಿಯನ್ನು ಬದಲಿಸುವ ಮಾತೂ ಎದ್ದಿತು. ಬಾರಿಸಾಹೇಬರು ಒಪ್ಪಲಿಲ್ಲ.

"ದೇವರಾಜ್ ಭಾಯ್, ಗೇಟು ಮುಚ್ಚಿ ಆಡಿಸುವಾ. ತಪ್ಪು ಜನರದ್ದಾ ನಿಮ್ದಾ ಅಂತ ನಿಮಗೂ ಗೊತ್ತಾಗ್ಲಿ, ನಮಗೂ ಗೊತ್ತಾಗ್ಲಿ."

ಖಾಲಿ ಮೈದಾನದಲ್ಲಿ ಭಟ್ಕಳವೂ ಅಂಕೋಲಾದ ತಂಡವೂ ಎದುರಾದವು. ಆ ಮೌನದಲ್ಲಿ ದೇವರಾಜರಿಗೆ ಹಾಯೆನಿಸಬೇಕಿತ್ತು, ಆದರೆ ಅವರು ಮತ್ತೆ ಮತ್ತೆ ಖಾಲಿ ಗೋಡೆಯ ಕಡೆಗೇ ತಿರುಗಿ ನೋಡಿದರು. ಬೂಟು ಚೆಂಡಿಗೆ ತಾಗಿದ ಸದ್ದು, ಓಡುವವರ ಏದುಸಿರು, ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ದನಿ ಎಲ್ಲವೂ ಕೇಳುತ್ತಿತ್ತು. ಯಾವುದು ತಪ್ಪು, ಯಾವುದು ಸರಿ ಎಂದು ಹೇಳುವ ಕೂಗು ಮಾತ್ರ ಇರಲಿಲ್ಲ. ಇಷ್ಟು ವರ್ಷ ಆ ಕೂಗಿಗೆ ತಾನು ಎಷ್ಟು ಒರಗಿಕೊಂಡಿದ್ದೆ ಎಂಬುದು ಅದು ಇಲ್ಲದಾಗ ತಿಳಿಯಿತು. ಮೊದಲರ್ಧದಲ್ಲಿ ಕಣ್ಣೆದುರೇ ನಡೆದ ಫೌಲೊಂದನ್ನು ಅನುಮಾನದಲ್ಲೇ ಬಿಟ್ಟುಬಿಟ್ಟರು.

ಎರಡನೆಯ ಅರ್ಧದಲ್ಲಿ, ಚೆಂಡು ಮೈದಾನದ ನಟ್ಟನಡುವೆ ನೆಮ್ಮದಿಯಾಗಿ ಉರುಳುತ್ತಿದ್ದಾಗ, ಗೋಡೆಯಾಚೆಯ ರಸ್ತೆಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ದೇವರಾಜರ ಸೀಟಿ ಅದಕ್ಕೆ ಉತ್ತರವೆಂಬಂತೆ ಮೊಳಗಿತು.

ಇಪ್ಪತ್ತೆರಡು ಮಂದಿ ಆಟಗಾರರೂ ನಿಂತಲ್ಲೇ ನಿಂತರು. ಯಾರಿಗೆ ಫೌಲು, ಯಾರ ಮೇಲೆ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅಂಕೋಲಾದ ಗೋಲ್‌ಕೀಪರ್, ರೆಫ್ರಿ ಬಸ್ಸಿಗೇ ಕಾರ್ಡು ಕೊಡಲಿ ಎಂದದ್ದು ಆ ಮೌನದಲ್ಲಿ ಇಡೀ ಮೈದಾನಕ್ಕೆ ಕೇಳಿತು. ಎರಡೂ ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವರಾಜರೂ ನಕ್ಕರು. ನಗುತ್ತಲೇ ಎದೆಯ ಮೇಲಿನ ಭಾರವೊಂದು ಇಳಿದದ್ದು ಅವರಿಗೆ ಗೊತ್ತಾಯಿತು. ಬಸ್ಸು ಯಾವ ತಂಡದ್ದೂ ಅಲ್ಲ. ತನ್ನೊಳಗೆ ಒಲವಿರಲಿಲ್ಲ, ಹೆದರಿಕೆಯೂ ಇರಲಿಲ್ಲ, ಇದ್ದದ್ದು ಅಭ್ಯಾಸ.

ಆ ಅಭ್ಯಾಸದ ಬೇರು ಎಲ್ಲಿದೆಯೆಂದು ತೋರಿಸಿದವರು ಜಟ್ಟಿ ಮಾವ. ಈಗ ಅವರಿಗೆ ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ಬಸ್ಸಿನ ಕತೆ ಕೇಳಿ ಅವರು ಅಳಿಯನನ್ನೇ ಬೈದರು.

"ಕೂಗು ಕೇಳಿದ್ ಕೂಡ್ಲೆ ಜಗ್ಗು ಅಂತ ನಿಂಗೆ ಕಲ್ಸಿದ್ದೇ ನಾನು. ಹಗ್ಗ ಬಿಟ್ಟು ಎಷ್ಟ್ ವರ್ಷ ಆತು, ಇನ್ನೂ ಜಗ್ತಾ ಇದ್ದೆ ನೀನು. ಸೀಟಿ ಬಾಯಲ್ಲಿ ಕಚ್ಕಂಡು ಓಡ್ತೆ ಅಲ್ದ? ಬಾಯಿಂದ ತೆಗಿ ಅದ್ನ."

ಅಂದೇ ಸೀಟಿ ತುಟಿಯಿಂದ ಮಣಿಕಟ್ಟಿಗೆ ಇಳಿಯಿತು. ಮುಷ್ಟಿಯಲ್ಲಿದ್ದ ಸೀಟಿ ತುಟಿ ಮುಟ್ಟಲು ಒಂದು ಉಸಿರಿನಷ್ಟು ಹೊತ್ತು ಬೇಕು. ನೋಡುವುದಕ್ಕೆ ಅಷ್ಟು ಸಾಕೆಂದು ದೇವರಾಜ ಹೇಳುತ್ತಾರೆ. ಆದರೆ ಮೈಗೆ ಹತ್ತಿದ್ದು ಒಂದೇ ದಿನಕ್ಕೆ ಬಿಡುವುದಿಲ್ಲ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳು ದಡ ಹತ್ತಿ ಕುಳಿತಾಗ ಟೊಂಕದ ಮೀನುಗಾರರಿಗೆ ಹೊಸದೊಂದು ಆಟ ಸಿಕ್ಕಿತು. ದೇವರಾಜ ಬಲೆ ಹೊಲಿಯುತ್ತಿರುವಾಗ ಬೆನ್ನ ಹಿಂದಿನಿಂದ ಬಂದು 'ಹ್ಯಾಂಡ್' ಎಂದು ಕಿರುಚುವುದು. ಮೊದಮೊದಲು ಪ್ರತಿ ಸಲವೂ ಕೈ ಹಾರುತ್ತಿತ್ತು, ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ದೇವಿಯಂತೂ ಊಟಕ್ಕೆ ಕೂತಾಗಲೂ ಬಿಡಲಿಲ್ಲ, ಬಂಗಡೆ ಸಾರು ಬಡಿಸುತ್ತಲೇ 'ಫೌಲ್' ಎಂದು ಕೂಗಿ ಗಂಡನ ಕೈಯನ್ನೇ ನೋಡುತ್ತಿದ್ದರು. ಮಳೆ ಹಿಂದಾಗುವ ಹೊತ್ತಿಗೆ ಸೂಜಿ ಚುಚ್ಚುವುದು ನಿಂತಿತ್ತು. ಆದರೆ ಚಪ್ಪರವೇ ಬೇರೆ, ಮೈದಾನವೇ ಬೇರೆ.

ಇಂದಿನ ಸಂಜೆ ಆ ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸುಮಿತ ಹಿಂದಿನಿಂದ ಕಾಲು ಹಾಕಿ ಎದುರಾಳಿಯನ್ನು ಬೀಳಿಸುತ್ತಾನೆ. ಮೈದಾನ ಗುಡುಗುತ್ತದೆ. ದೇವರಾಜರ ಮುಷ್ಟಿ ಬಿಗಿಯಾಗುತ್ತದೆ, ಒಂದು ಉಸಿರು ನಿಲ್ಲುತ್ತದೆ, ಆಮೇಲೆ ಸೀಟಿ, ಆಮೇಲೆ ಹಳದಿ ಕಾರ್ಡು. ಜನ ಕೂಗಿದರೆಂದು ಕೊಟ್ಟೆನೇ ಎಂಬ ಅಳುಕಿನಿಂದ ಅವರು ಸುಮಿತನ ಮುಖ ನೋಡುತ್ತಾರೆ. ಸುಮಿತ ತಕರಾರಿಲ್ಲದೆ ಕಾಲ್ಚೀಲ ಎಳೆದುಕೊಂಡು ಓಡುತ್ತಾನೆ.

ಪಂದ್ಯ ಒಂದೊಂದು ಗೋಲಿನ ಸಮಬಲದಲ್ಲಿ ಕೊನೆಗೆ ಬರುತ್ತದೆ. ಭಟ್ಕಳದ ಮುಂಚೂಣಿಯ ಹುಡುಗ ಚೆಂಡಿನೊಡನೆ ಕುಮಟಾದ ಪೆನಾಲ್ಟಿ ಚೌಕಕ್ಕೆ ನುಗ್ಗುತ್ತಾನೆ. ಸುಮಿತ ಅಡ್ಡ ಜಾರುತ್ತಾನೆ. ಹುಡುಗ ಎರಡು ಕೈ ಚಾಚಿ ಬೀಳುತ್ತಾನೆ.

ಈಗ ಎದ್ದ ಕೂಗು ಹೋದ ವರ್ಷದ್ದಕ್ಕಿಂತ ದೊಡ್ಡದು. ಗೋಡೆಯ ಮೇಲಿದ್ದವರು ಎದ್ದು ನಿಂತಿದ್ದಾರೆ, ಯಾರದೋ ಚಪ್ಪಲಿ ಗೆರೆಯೊಳಗೆ ಬಂದು ಬಿದ್ದಿದೆ. ಸೀಟಿ ಮುಷ್ಟಿಯಲ್ಲಿದೆ. ಸುಮಿತನ ಬೂಟು ಮೊದಲು ತಾಗಿದ್ದು ಚೆಂಡಿಗೆ, ಹುಡುಗ ಬಿದ್ದದ್ದು ಅದರ ನಂತರ. ದೇವರಾಜ ಅದನ್ನು ಕಂಡಿದ್ದಾರೆ. ಎರಡೂ ಕೈ ಮುಂದಕ್ಕೆ ಬೀಸಿ ಆಟ ನಡೆಯಲಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಕನ್ನಡ, ಕೊಂಕಣಿ, ನವಾಯತಿ, ಉರ್ದು ನಾಲ್ಕೂ ಭಾಷೆಗಳಲ್ಲಿ ಅವರ ಮನೆತನದ ವಿಚಾರಣೆ ನಡೆಯುತ್ತದೆ.

ಕೊನೆಗೆ ಟೈಬ್ರೇಕರಿನಲ್ಲಿ ಭಟ್ಕಳವೇ ಗೆಲ್ಲುತ್ತದೆ. ಬೈದ ಜನವೇ ಪಟಾಕಿ ಹಚ್ಚುತ್ತದೆ. ಬಾರಿಸಾಹೇಬರು ದೂರದಿಂದಲೇ ಎದೆಯ ಮೇಲೆ ಕೈಯಿಟ್ಟು ತಲೆಬಾಗುತ್ತಾರೆ. ಬೂಟು ಬಿಚ್ಚಿ ಬರಿಗಾಲಲ್ಲಿ ಹೊರಟ ಸುಮಿತ, ದೇವರಾಜರ ಎದುರು ನಿಲ್ಲುತ್ತಾನೆ. ಅವನ ಕಣ್ಣು ಕೆಂಪಾಗಿದೆ.

"ಇವತ್ತು ನಾವೇ ಸೋತದ್ದು, ಸರ್," ಎನ್ನುತ್ತಾನೆ. ಕೈ ಕುಲುಕಿ ಹೋಗುತ್ತಾನೆ.

ದೇವರಾಜ ಮೈದಾನದ ಅಂಚಿನ ಕಲ್ಲಿನ ಮೇಲೆ ಕುಳಿತು, ಬಹಳ ದಿನದಿಂದ ಹಿಡಿದಿಟ್ಟಿದ್ದಂತೆ ಉದ್ದಕ್ಕೆ ಒಂದು ಉಸಿರು ಬಿಡುತ್ತಾರೆ. ಫೋನು ಬಡಿಯುತ್ತದೆ, ಆ ಕಡೆ ದೇವಿ. ಎಂತ ಆತು ಎಂದಷ್ಟೇ ಕೇಳುತ್ತಾರೆ. ಗೆದ್ದವರು ಯಾರೆಂದು ಅವರಿಗೆ ಬೇಕಾಗಿಲ್ಲ.

"ಜೋರು ಬೈದ್ರು," ಎನ್ನುತ್ತಾರೆ ದೇವರಾಜ. "ಕಿವಿಗೆ ಎಲ್ಲಾ ಕೇಳ್ತು. ಕೈಗೆ ಕೇಳ್ಲಿಲ್ಲ."